ಅಮಾವಾಸ್ಯೆ ದಿನ ಓಡಿದ ಪಂಪು

ಸಿದ್ದಲಕ್ಷ್ಮಮ್ಮನ ಬಾಯಿಗೆ ಬೀಳದೆ ತುಮಕೂರಿನ ಗಾಣದ ದಿಣ್ಣೆಯಲ್ಲಿ ಸಂಸಾರ ಮಾಡಿದ ಹೆಂಗಸು ಯಾರೂ ಇಲ್ಲ. ನಾನು ಗುಬ್ಬಿಯಿಂದ ಮದುವೆಯಾಗಿ ಬಂದ ವಾರದಲ್ಲೇ ಬಿದ್ದೆ. ೧೯೯೩ರ ಬೇಸಗೆ. ನೀರು ತರಲು ಅತ್ತೆ ಕಳಿಸಿದರು. ನಾನು ಹೊಸ ಸೊಸೆಯ ಜಂಬದಲ್ಲಿ ತವರಿನಿಂದ ತಂದ ಹಿತ್ತಾಳೆ ಬಿಂದಿಗೆಯನ್ನೇ ಸೊಂಟಕ್ಕೇರಿಸಿಕೊಂಡು, ಕೈತುಂಬ ಹಸಿರು ಬಳೆ ಸದ್ದು ಮಾಡುತ್ತ ಪಂಪ್‌ಹೌಸ್ ಮುಂದೆ ಹೋಗಿ ನಿಂತೆ. ಅಲ್ಲಿ ಉದ್ದಕ್ಕೆ ಪ್ಲಾಸ್ಟಿಕ್ ಕೊಡಗಳ ಸಾಲು. ತಗಡಿನ ಬಾಗಿಲ ಹೊಸಿಲ ಮೇಲೆ ಕಾಲು ಚಾಚಿ, ಎಲೆಅಡಿಕೆ ಜಗಿಯುತ್ತ ಕೂತಿದ್ದ ದಪ್ಪನೆಯ ಹೆಂಗಸೊಬ್ಬಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಯಾರಮ್ಮೀ ಇವ್ಳು, ಹಿತ್ತಾಳೆ ಬಿಂದ್ಗೆ ತಂದಿರೋಳು? ಇಲ್ಲೇನ್ ಗಂಗೆಪೂಜೆ ಐತಾ? ಹೋಗು, ಹೋಗಿ ಕೊಡ ತಗಂಡ್ ಬಾ. ನಿನ್ ಬಿಂದ್ಗೆ ನೋಡಿ ನನ್ ಬೋರು ನಾಚ್ಕೊತೈತೆ.”

ಸಾಲಿನಲ್ಲಿದ್ದವರೆಲ್ಲ ಕಿಸಕ್ಕನೆ ನಕ್ಕರು. ನಾನು ಕಣ್ಣಲ್ಲಿ ನೀರು ತುಂಬಿಕೊಂಡು, ಬಿಂದಿಗೆಯಲ್ಲಿ ತುಂಬಿಕೊಳ್ಳದೆ, ಮನೆಗೆ ಬಂದೆ. ಆ ಬಿಂದಿಗೆ ಅವತ್ತೇ ಅಟ್ಟ ಸೇರಿತು.

ಅವಳು ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವಳು. ಮರ್ಯಾದೆ ಕೊಟ್ಟು ಬರೆಯಬೇಕು. ಆದರೆ ವರ್ಷಗಟ್ಟಲೆ ಸಾಲಿನಲ್ಲಿ ನಿಂತು ಮನಸ್ಸಿನೊಳಗೇ ಬೈದುಕೊಂಡದ್ದೆಲ್ಲ ಏಕವಚನದಲ್ಲಿ. ಈಗ ಕಾಗದದ ಮೇಲೆ ಬಹುವಚನ ಹಾಕಿದರೆ ಅವಳಿಗೇ ಅನುಮಾನ ಬರುತ್ತದೆ. ಎದುರಿಗೆ ಮಾತ್ರ ಎಲ್ಲರ ಹಾಗೆ ನಾನೂ ‘ಸಿದ್ದಲಕ್ಷ್ಮಕ್ಕಾ’ ಎಂದೇ ಕರೆಯುತ್ತಿದ್ದೆ.

ಗಾಣದ ದಿಣ್ಣೆ ಹೆಸರಿಗೆ ತಕ್ಕಂತೆ ದಿಣ್ಣೆಯೇ. ಊರಿನ ನಲ್ಲಿ ನೀರು ದಿಣ್ಣೆಯ ಬುಡದವರೆಗೆ ಬಂದು, ಒಮ್ಮೆ ಮೇಲೆ ನೋಡಿ, ಹತ್ತುವ ಮನಸ್ಸಾಗದೆ ಅಲ್ಲೇ ನಿಂತುಬಿಡುತ್ತಿತ್ತು. ಯಾವುದೋ ಚುನಾವಣೆಯ ಹೊತ್ತಿಗೆ ಯಾರಿಗೋ ನಮ್ಮ ನೆನಪಾಗಿ ಬುಡದಲ್ಲೊಂದು ಬೋರ್‌ವೆಲ್ ಕೊರೆಸಿ, ಮೋಟಾರ್ ಇಳಿಸಿ, ಒಬ್ಬರು ಕೂತರೆ ಇನ್ನೊಬ್ಬರು ಹೊರಗೆ ನಿಲ್ಲಬೇಕಾದಷ್ಟು ಚಿಕ್ಕ ಪಂಪ್‌ಹೌಸ್ ಕಟ್ಟಿಸಿದ್ದರು. ಗೋಡೆಯಿಂದ ಆಚೆ ಚಾಚಿದ ಒಂದು ದಪ್ಪ ಪೈಪು. ದಿಣ್ಣೆಯ ಅಷ್ಟೂ ಮನೆಗಳ ಅನ್ನ, ಸಾರು, ಸ್ನಾನ, ಬಾಣಂತನ ಎಲ್ಲ ಆ ಪೈಪಿನ ಬಾಯಿಂದಲೇ ಬರಬೇಕು. ಬಂದದ್ದನ್ನು ಹೊತ್ತುಕೊಂಡು ದಿಣ್ಣೆ ಹತ್ತಬೇಕು.

ಆಫೀಸಿನ ಲೆಕ್ಕದಲ್ಲಿ ಪಂಪ್ ಆಪರೇಟರ್ ಅವಳಲ್ಲ, ಅವಳ ಗಂಡ ಪುಟ್ಟರಂಗಯ್ಯ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸ್ಟಾರ್ಟರ್ ಬಾಕ್ಸ್ ಮುಟ್ಟಿ ಶಾಕ್ ಹೊಡೆಸಿಕೊಂಡು ಪಕ್ಕದ ಚರಂಡಿಗೆ ಬಿದ್ದ ಮೇಲೆ ಆ ಮಹಾನುಭಾವ ಪಂಪ್‌ಹೌಸ್ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಎದುರಿನ ಟೀ ಹೋಟೆಲಿನ ಬೆಂಚಿನ ಮೇಲೆ ಕೂತು ಹೋಟೆಲಿನವರ ಪೇಪರ್ ಓದುವುದು, ಸಂಬಳದ ದಿನ ಹೋಗಿ ಸಹಿ ಹಾಕುವುದು, ಇಷ್ಟೇ ಅವನ ಸರ್ಕಾರಿ ಕೆಲಸ. ಅವನು ಚರಂಡಿಯಲ್ಲಿ ಬಿದ್ದಿದ್ದಾಗಲೇ ಸಿದ್ದಲಕ್ಷ್ಮಮ್ಮ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋಗಿ, ‘ಯಡಿಯೂರು ಸಿದ್ದಪ್ಪಾ’ ಅಂದು ಹಸಿರು ಗುಂಡಿ ಒತ್ತಿದಳಂತೆ. ಅವಳ ತವರು ಯಡಿಯೂರಿನ ಪಕ್ಕದ ಹಳ್ಳಿ. ಅಂದಿನಿಂದ ಆ ಗುಂಡಿಯನ್ನು ಬೇರೆ ಯಾರಿಗೂ ಮುಟ್ಟಗೊಡಲಿಲ್ಲ.

ಅವಳ ಕಾನೂನುಗಳು ಒಂದೆರಡಲ್ಲ. ಒಂದು ಸರದಿಗೆ ಎರಡೇ ಕೊಡ. ಬಾಣಂತಿ ಮನೆಗೆ ನಾಲ್ಕು. ನೆಂಟರು ಬಂದಿದ್ದಾರೆ ಅಂದರೆ ನೆಂಟರನ್ನು ತಂದು ತೋರಿಸಬೇಕು. ಗುಬ್ಬಿಯಿಂದ ಬಂದ ನನ್ನ ಸೋದರಮಾವ, ಅಡಿಕೆ ಮಂಡಿಯಲ್ಲಿ ನಾಲ್ಕು ಜನ ಎದ್ದು ನಿಲ್ಲುವಂಥ ಮನುಷ್ಯ, ಪಂಚೆ ಸರಿಮಾಡಿಕೊಳ್ಳುತ್ತ ಪಂಪ್‌ಹೌಸ್‌ವರೆಗೆ ಬಂದು ಮುಖ ತೋರಿಸಿ ಹೋಗಿದ್ದಾರೆ. ಜಗಳವಾಡಿದರೆ ಇಬ್ಬರೂ ಸಾಲಿನ ಕೊನೆಗೆ. ನನಗೆ ಸ್ಕೂಲಿನಲ್ಲಿ ಕೆಲಸ ಸಿಕ್ಕ ಮೇಲೆ ಒಂದು ದಿನ, ಹೊತ್ತಾಯಿತು, ಸ್ವಲ್ಪ ಮುಂದೆ ಬಿಡಿ ಅಂತ ಹಲ್ಲು ಗಿಂಜಿದೆ.

“ಟೀಚರಮ್ಮಾ, ನಿನ್ ಸ್ಕೂಲ್ನಾಗೆ ಲೇಟಾಗಿ ಬಂದೋರ್ನ ಏನ್ ಮಾಡ್ತೀಯ?”

“ಹೊರಗೆ ನಿಲ್ಲಿಸ್ತೀನಿ.”

“ಮತ್ತೆ? ನಿಂತ್ಕೊ.”

ಇಷ್ಟೆಲ್ಲ ದರ್ಬಾರು ನಡೆಸುವವಳು ತನ್ನ ಕೊಡವನ್ನು ಮಾತ್ರ ಎಲ್ಲರದೂ ಆದ ಮೇಲೆ ಹಿಡಿಯುತ್ತಿದ್ದಳು. ನಡುವೆ ಕರೆಂಟು ಹೋದರೆ ಅವಳಿಗೆ ನೀರಿಲ್ಲ. ಮನೆ ಬೇರೆ ದಿಣ್ಣೆಯ ನೆತ್ತಿಯ ಮೇಲೆ, ಕೊಟ್ಟಕೊನೆಯದು. ಮಂಡಿ ನೋವಿಗೆ ಹರಳೆಣ್ಣೆ ತಿಕ್ಕಿಕೊಂಡು, ಎರಡು ಕೊಡ ಹೊತ್ತು, ಅಲ್ಲಲ್ಲಿ ನಿಂತು ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ಬೈಯುತ್ತ ಹತ್ತುತ್ತಿದ್ದಳು. ಇದು ನನಗೆ ಬಹಳ ಸಿಟ್ಟು ತರಿಸುತ್ತಿತ್ತು. ಅವಳು ಮೊದಲು ಹಿಡಿದುಕೊಂಡಿದ್ದರೆ ನಾವು ನೆಮ್ಮದಿಯಾಗಿ ಬೈದುಕೊಳ್ಳಬಹುದಿತ್ತು.

ಬೋರನ್ನು ಅವಳು ‘ಆಯಮ್ಮ’ ಅನ್ನುತ್ತಿದ್ದಳು. ಶುಕ್ರವಾರ ಸ್ಟಾರ್ಟರ್ ಬಾಕ್ಸಿಗೆ ಅರಿಶಿನ ಕುಂಕುಮ. ಯಾರಾದರೂ ಸೀನಿದರೆ ಗುಂಡಿ ಒತ್ತುವ ಕೈ ಹಿಂದಕ್ಕೆ. ಎಲ್ಲಕ್ಕಿಂತ ದೊಡ್ಡದು ಅಮಾವಾಸ್ಯೆ. ಅಮಾವಾಸ್ಯೆ ದಿನ ಪಂಪು ಓಡುವಂತಿಲ್ಲ. ಮಳೆ ಬರಲಿ, ಮದುವೆ ಬರಲಿ, ಯಾರ ಮನೆಯಲ್ಲಿ ಏನೇ ಆಗಲಿ, ಓಡುವಂತಿಲ್ಲ. ಕೇಳಿದರೆ, “ನಿಮಗ್ ಭಾನುವಾರ ರಜ ಬೇಕು, ಆಯಮ್ಮಂಗೆ ತಿಂಗ್ಳಿಗೊಂದಿನ ಬ್ಯಾಡ್ವಾ?” ಅನ್ನುತ್ತಿದ್ದಳು. ಬೇರೆ ಬಡಾವಣೆಗಳ ಬೋರುಗಳು ಬೇಸಗೆಯಲ್ಲಿ ಕೆಮ್ಮುತ್ತಿದ್ದಾಗ ನಮ್ಮದು ಒಮ್ಮೆಯೂ ಕೈಕೊಟ್ಟಿರಲಿಲ್ಲ. ಅದು ಅಮಾವಾಸ್ಯೆಯ ಮಹಿಮೆ ಅಂತ ಅವಳು, ಪಕ್ಕದ ಕೆರೆಯಂಗಳದ ಮಹಿಮೆ ಅಂತ ನನ್ನ ಗಂಡ. ಅವರು ಅದನ್ನು ಮನೆಯೊಳಗೆ ಮಾತ್ರ ಹೇಳುತ್ತಿದ್ದರು.

೧೯೯೮ರಲ್ಲಿ ಯೋಜನೆ ಬಂತು. ಊರಿನ ಬೋರ್‌ವೆಲ್‌ಗಳನ್ನೆಲ್ಲ ಪರೀಕ್ಷೆ ಮಾಡಿ, ಯಾವುದನ್ನು ಮೇಲ್ದರ್ಜೆಗೆ ಏರಿಸಬೇಕು ಅಂತ ತೀರ್ಮಾನ ಮಾಡುತ್ತಾರಂತೆ. ಸುದ್ದಿ ತಂದವನು ನಮ್ಮ ವಾರ್ಡಿನ ಸದಸ್ಯ ಮುತ್ತುರಾಜ್. ಬಿಳಿ ಪ್ಯಾಂಟು, ಬಿಳಿ ಶರ್ಟು, ಬಿಳಿ ಚಪ್ಪಲಿ. ಕೊಡ ಹೊತ್ತ ಹೆಂಗಸರಿಂದ ಸಾಕಷ್ಟು ದೂರ ನಿಂತು ವಿವರಿಸಿದ. ಬೋರುಗಳನ್ನು ಮೂರು ದರ್ಜೆ ಮಾಡುತ್ತಾರೆ. ಒಂದನೇ ದರ್ಜೆ ಅಂದರೆ ಇದ್ದ ಹಾಗೇ ಬಿಡುವುದು. ಎರಡನೇ ದರ್ಜೆಗೆ ಹೊಸ ಮೋಟಾರು, ದೊಡ್ಡ ಟ್ಯಾಂಕು, ಮನೆಮನೆಗೆ ನಲ್ಲಿ. ಮೂರನೇ ದರ್ಜೆ ಅಂದರೆ ಮುಚ್ಚುವುದು. ನಾನು ಎಷ್ಟೋ ಪರೀಕ್ಷೆ ನಡೆಸಿದ್ದೇನೆ, ಸೆಕೆಂಡ್ ಕ್ಲಾಸಿನವರಿಗೆ ಮಾತ್ರ ಬಹುಮಾನ ಕೊಡುವ ಪರೀಕ್ಷೆಯನ್ನು ಅವತ್ತೇ ಕೇಳಿದ್ದು.

ದಿಣ್ಣೆಗೆ ದಿಣ್ಣೆಯೇ ಎರಡನೇ ದರ್ಜೆಯ ಕನಸು ಕಾಣತೊಡಗಿತು. ಆದರೆ ಅದು ಸಿಗುವುದು ಹೇಗೆ? ಬೋರು ಚೆನ್ನಾಗಿದೆ ಅನ್ನಿಸಬೇಕೋ, ಸೊರಗಿದೆ ಅನ್ನಿಸಬೇಕೋ? ಮುತ್ತುರಾಜನಿಗೆ ಗೊತ್ತಿರಲಿಲ್ಲ; ಗೊತ್ತಿಲ್ಲ ಅನ್ನುವುದು ಅವನ ಜಾಯಮಾನವಲ್ಲ. “ಸೊರಗಿರ್ಬೇಕು. ಸೊರಗಿದ್ರೇನೆ ಕೊಡೋದು,” ಅಂದುಬಿಟ್ಟ.

ನನ್ನ ದುರದೃಷ್ಟ, ಅದಕ್ಕೆ ಸಾಕ್ಷಿ ನಮ್ಮ ತವರಿನಲ್ಲೇ ಇತ್ತು. ಗುಬ್ಬಿಯಲ್ಲಿ ನಮ್ಮಣ್ಣನ ಬೀದಿಯ ಬೋರು ಗಾಳಿ ಬಿಡುತ್ತಿತ್ತು. ಪರೀಕ್ಷೆಗೆ ಬಂದವರು ನೋಡಿ ಮರುಗಿ ಹೊಸ ಬೋರು, ಹೊಸ ಟ್ಯಾಂಕು ಬರೆದುಕೊಟ್ಟು ಹೋಗಿದ್ದರು. ನಾನು ಬಾಯಿ ತಡೆಯಲಾರದೆ ಇದನ್ನು ಸಾಲಿನಲ್ಲಿ ಹೇಳಿದೆ. ಸಿದ್ದಲಕ್ಷ್ಮಮ್ಮ ಎಲೆಅಡಿಕೆ ಉಗಿದು ಬಂದಳು.

“ಕುಣಿಗಲ್ನಾಗೆ ನನ್ ತಂಗಿ ಅವ್ಳೆ. ಅವರ ಬೀದಿ ಬೋರೂ ಸೊರಗಿತ್ತು. ಬಂದ್ರು, ನೋಡಿದ್ರು, ಕಲ್ ಮುಚ್ಚಿ ಸಿಮೆಂಟ್ ಬಳಿದ್ಬುಟ್ಟು ಹೋದ್ರು. ಈಗ ಅದ್ರ ಮ್ಯಾಗೆ ಮೇಕೆ ಕಟ್ತಾರೆ. ನಿಮ್ಗೂ ಮೇಕೆ ಕಟ್ಟೋ ಜಾಗ ಬೇಕೇನ್ರೇ?”

ಅಲ್ಲಿಗೆ ದಿಣ್ಣೆ ಎರಡು ಹೋಳಾಯಿತು. ಗುಬ್ಬಿ ಪಾರ್ಟಿಯವರು ಬೋರನ್ನು ಸೊರಗಿಸಬೇಕು ಅಂದರು. ಕುಣಿಗಲ್ ಪಾರ್ಟಿಯವರು ಸುಮ್ಮನಿರಬೇಕು ಅಂದರು. ಗಂಡ ಒಂದು ಪಾರ್ಟಿ, ಹೆಂಡತಿ ಒಂದು ಪಾರ್ಟಿಯಾಗಿ ಕೆಲವು ಮನೆಗಳಲ್ಲಿ ಒಲೆ ಹಚ್ಚುವುದೂ ತಡವಾಯಿತು. ಆ ತನಕ ಯಾರೂ ಸರಿಯಾಗಿ ಮಾತಾಡಿಸದಿದ್ದ ನಾನು, ತವರು ಗುಬ್ಬಿ ಅನ್ನುವ ಒಂದೇ ಕಾರಣಕ್ಕೆ ಮುಖಂಡಳಾದೆ.

ಗುಬ್ಬಿ ಪಾರ್ಟಿಯಲ್ಲಿ ಯಾರೋ ಗುಸುಗುಸು ಎಬ್ಬಿಸಿದರು: ಮನೆಮನೆಗೆ ನಲ್ಲಿ ಬಂದರೆ ಇವಳ ದರ್ಬಾರು ಮುಗಿಯುತ್ತದೆ, ಅದಕ್ಕೇ ಅಡ್ಡಗಾಲು ಹಾಕುತ್ತಿದ್ದಾಳೆ. ಮಾತು ಅವಳ ಕಿವಿಗೆ ಬಿತ್ತು. ಜಗಳ ಕಾದಿದೆ ಅಂದುಕೊಂಡು ನಾವೆಲ್ಲ ಕೊಡ ಕೆಳಗಿಟ್ಟು ಸಿದ್ಧರಾದೆವು. ಅವಳು ಜಗಳ ಮಾಡಲಿಲ್ಲ.

“ಹೌದು ಕಣ್ರೇ,” ಅಂದಳು. “ಸುಳ್ಳ್ಯಾಕ್ ಹೇಳ್ಲಿ? ನನ್ ಮಂಡಿ ಟ್ಯಾಂಕು ಬೇಕು ಅಂತೈತೆ, ನನ್ ಬಾಯಿ ಬ್ಯಾಡ ಅಂತೈತೆ. ನಲ್ಲಿ ಬಂದ್ರೆ ನನ್ ಹತ್ರ ಯಾರ್ ಬತ್ತೀರಾ? ಈ ಗಂಡನ್ನ ನೋಡ್ಕಂಡು ಕೂತ್ಕೊಳಾ?”

ಟೀ ಹೋಟೆಲಿನ ಬೆಂಚಿನಿಂದ ಪುಟ್ಟರಂಗಯ್ಯ ಪೇಪರ್ ಸ್ವಲ್ಪ ಮೇಲೆತ್ತಿಕೊಂಡ. ನಾವು ಕೆಳಗಿಟ್ಟ ಕೊಡಗಳನ್ನು ಮತ್ತೆ ಎತ್ತಿಕೊಂಡೆವು. ಕೆಟ್ಟವಳು ಕೆಟ್ಟವಳ ಹಾಗೆಯೇ ಇರಬೇಕು. ನಡುವೆ ನಿಜ ಹೇಳಿದರೆ ಎದುರಿನವರಿಗೆ ಬಹಳ ಕಷ್ಟವಾಗುತ್ತದೆ.

ಆಮೇಲೆ ಮುತ್ತುರಾಜ್ ಬಂದು, ಎಂಜಿನಿಯರ್ ನಾಳಿದ್ದು ಬರುತ್ತಾರೆ ಅಂತ ಹೇಳಿ ಹೋದ. ಬೋರನ್ನು ಸೊರಗಿಸುವುದಿದ್ದರೆ ಹಿಂದಿನ ದಿನ ಪೂರ್ತಿ ಓಡಿಸಬೇಕು. ಹಿಂದಿನ ದಿನ ಅಂದರೆ ನಾಳೆ. ನಾಳೆ ಅಮಾವಾಸ್ಯೆ.

ಗುಬ್ಬಿ ಪಾರ್ಟಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸಿದ್ದಲಕ್ಷ್ಮಮ್ಮನ ಹತ್ತಿರ ಈ ಮಾತೆತ್ತುವ ಧೈರ್ಯ ಇದ್ದದ್ದು ಚಿಕ್ಕಮಾರಮ್ಮನಿಗೆ ಮಾತ್ರ. ದಿಣ್ಣೆಯಲ್ಲಿ ಎಲ್ಲರಿಗಿಂತ ಹಿರಿಯಳು, ಬೆನ್ನು ಬಾಗಿ ನೆಲ ನೋಡಿಕೊಂಡೇ ನಡೆಯುವವಳು. ಎರಡು ಕೊಡ ಹೊರಲಾಗದೆ ಒಂದನ್ನೇ ಹೊತ್ತು ಎರಡು ಸಲ ಹತ್ತುತ್ತಿದ್ದಳು. ಅವಳು ಹೋಗಿ ಪಂಪ್‌ಹೌಸ್ ಹೊಸಿಲ ಮೇಲೆ ಕೂತಳು.

“ಸಿದ್ದೀ, ಒಂದೇ ಒಂದ್ ದಿನ ಓಡ್ಸವ್ವ. ಆಯಮ್ಮಂಗೆ ನಾನ್ ಹೇಳ್ಕೊತೀನಿ. ಸಾಯೋ ಗಂಟ ಈ ದಿಣ್ಣೆ ಹತ್ತಕಾಗಾಕಿಲ್ಲ ಕಣವ್ವ ನನ್ ಕೈಲಿ.”

ಸಿದ್ದಲಕ್ಷ್ಮಮ್ಮ ಅವಳ ಬಾಗಿದ ಬೆನ್ನು ನೋಡಿದಳು, ಪೈಪು ನೋಡಿದಳು. ಆಮೇಲೆ ಎದ್ದು, “ಹೋಗ್ರೇ, ಕೊಡ ತೊಳ್ಕಳ್ರಿ,” ಅಂದಳು.

ಅಮಾವಾಸ್ಯೆ ಬೆಳಿಗ್ಗೆ ಅವಳು ತಲೆಗೆ ನೀರು ಹಾಕಿಕೊಂಡು ಬಂದು, ಪೈಪಿನ ಮುಂದೆ ತೆಂಗಿನಕಾಯಿ ಒಡೆದು, ಕೆನ್ನೆ ಕೆನ್ನೆ ಬಡಿದುಕೊಂಡು ಗುಂಡಿ ಒತ್ತಿದಳು. ನೀರು ಎಂದಿನ ಹಾಗೇ ಬಂತು. ಬೋರನ್ನು ದಣಿಸುವುದೇ ಉದ್ದೇಶವಾದ್ದರಿಂದ ಪೈಪನ್ನು ಚರಂಡಿಗೆ ತಿರುಗಿಸಿ ನಾವೆಲ್ಲ ಮನೆಗೆ ಹೋಗಬಹುದಿತ್ತು. ಆದರೆ ಕೊಡದ ಸಾಲಿನಲ್ಲಿ ನಿಂತು ನಿಂತು ಹಣ್ಣಾದ ಹೆಂಗಸರು ನಾವು. ನೀರು ಚರಂಡಿಗೆ ಹೋಗುವುದನ್ನು ಯಾವ ಕಣ್ಣಿನಿಂದ ನೋಡುವುದು? ಒಬ್ಬಳು ಕೊಡ ಒಡ್ಡಿದಳು. ಇನ್ನೊಬ್ಬಳು ಬಕೆಟ್ ತಂದಳು. ಎರಡೇ ಕೊಡದ ಕಾನೂನು ಇಲ್ಲದ ದಿನ ಅದೊಂದೇ. ದಿಣ್ಣೆಗೆ ಹುಚ್ಚು ಹಿಡಿಯಿತು. ಹಂಡೆ, ಡ್ರಮ್ಮು, ಕುಕ್ಕರು, ಹಾಲಿನ ಕ್ಯಾನು, ಒರಳುಕಲ್ಲಿನ ಗುಳಿ, ಮಗುವಿನ ಟಬ್ಬು, ಬಣ್ಣದ ಹಳೇ ಡಬ್ಬ, ಎಲ್ಲ ತುಂಬಿದವು. ಕುಣಿಗಲ್ ಪಾರ್ಟಿಯವರು ಸಿದ್ಧಾಂತ ಮರೆತು ಗುಬ್ಬಿ ಪಾರ್ಟಿಯವರಿಗಿಂತ ಮುಂದೆ ನಿಂತಿದ್ದರು. ನಾನು ಅಟ್ಟದಿಂದ ಹಿತ್ತಾಳೆ ಬಿಂದಿಗೆಯನ್ನೂ ಇಳಿಸಿದೆ. ಅವಳು ನೋಡಿದಳು. ಬೋರು ನಾಚಿಕೊಳ್ಳುತ್ತದೆ ಅನ್ನಲಿಲ್ಲ. ಇಳಿಹೊತ್ತಿಗೆ ಪೈಪಿನ ಧಾರೆ ಸಣ್ಣಗಾಯಿತು. ಅವಳು ಕೆಂಪು ಗುಂಡಿ ಒತ್ತಿ, ದಾರಿಯಲ್ಲಿ ಸಿಕ್ಕ ಮಕ್ಕಳಿಗೂ ಬೈಯದೆ ದಿಣ್ಣೆ ಹತ್ತಿದಳು.

ಮರುದಿನ ಬಂದ ಎಂಜಿನಿಯರ್ ಹೆಸರು ಲಕ್ಷ್ಮೀನರಸಿಂಹಯ್ಯ. ರಿಟೈರಿಗೆ ಹತ್ತಿರದ, ಛತ್ರಿ ಹಿಡಿದ, ಮಾತಿಗೊಮ್ಮೆ ‘ಆಯ್ತು ಬಿಡಿ’ ಅನ್ನುವ ಸಾಧು ಮನುಷ್ಯ. ಪರೀಕ್ಷೆ ಅಂದರೆ ದೊಡ್ಡ ಮಾಟಮಂತ್ರವೇನಲ್ಲ. ಪಂಪನ್ನು ನಿಲ್ಲಿಸದೆ ಓಡಿಸುವುದು, ಡ್ರಮ್ಮು ಎಷ್ಟು ಬೇಗ ತುಂಬುತ್ತದೆ ಅಂತ ಗಡಿಯಾರ ಹಿಡಿದು ನೋಡುವುದು. ನಮ್ಮ ಡ್ರಮ್ಮು ಮೊದಲು ನಿಧಾನವಾಗಿ ತುಂಬಿತು. ಆಮೇಲೆ ಇನ್ನೂ ನಿಧಾನ. ಆಮೇಲೆ ಪೈಪು ಗೊರಗೊರ ಅಂದು, ಗಾಳಿ ಉಗಿದು, ಒಂದಿಷ್ಟು ಕೆಂಪು ರಾಡಿ ಕಕ್ಕಿ ನಿಂತೇಹೋಯಿತು.

ಗುಬ್ಬಿ ಪಾರ್ಟಿಯವರು ಹಲ್ಲು ಬಿಗಿಹಿಡಿದು ಸಂತೋಷಪಟ್ಟೆವು. ಮುತ್ತುರಾಜ್ ನನಗೆ ಕಣ್ಣು ಹೊಡೆದ. ಸಾರ್ವಜನಿಕ ಕೆಲಸವಾದ್ದರಿಂದ ಕ್ಷಮಿಸಿದೆ. ಸಿದ್ದಲಕ್ಷ್ಮಮ್ಮ ಮಾತ್ರ ಪೈಪಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದಳು. ನಾನು ಅವಳ ಕಣ್ಣಲ್ಲಿ ನೀರು ನೋಡಿದ್ದು ಅವತ್ತೇ ಮೊದಲು. ನನ್ನ ಸಂತೋಷ ಅಲ್ಲಿಗೆ ಅರ್ಧವಾಯಿತು.

“ಆಯ್ತು ಬಿಡಿ,” ಅಂದರು ಎಂಜಿನಿಯರ್. “ಮಾತ್ರೆ ತಗೋಬೇಕು, ಒಂದು ಲೋಟ ನೀರು ಸಿಗುತ್ತಾ?”

ಮೊದಲ ಮನೆಗೆ ಕರೆದುಕೊಂಡು ಹೋದೆವು. ಒಂದು ಲೋಟ ಏನು, ಆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಡುಮನೆಯಲ್ಲಿ ಡ್ರಮ್ಮು, ಹೊಸಿಲಿನ ಎರಡೂ ಕಡೆ ಕೊಡ, ಕಿಟಕಿಯ ಮೇಲೆ ಚೊಂಬು. ಅವರು ಪಕ್ಕದ ಮನೆಗೆ ಇಣುಕಿದರು. ಎದುರು ಮನೆಗೆ ಇಣುಕಿದರು. ಒರಳಿನ ಗುಳಿಯೊಳಗೆ ತುಳುಕುತ್ತಿದ್ದ ನೀರನ್ನು ಕನ್ನಡಕ ಸರಿಮಾಡಿಕೊಂಡು ನೋಡಿದರು.

“ಇದೇನ್ರೀ ಇದು, ಬೋರಲ್ಲಿ ನೀರಿಲ್ಲ, ನಿಮ್ಮ ಮನೆಗಳಲ್ಲಿ ನೀರಿಡೋಕೆ ಜಾಗ ಇಲ್ಲ! ನಿಮಗೆ ಬೇರೆ ಎಲ್ಲಿಂದಲೋ ಚೆನ್ನಾಗೇ ಬರ್ತಿದೆಯಲ್ಲ. ಹಂಗಾದ್ರೆ ಈ ಬೋರು ಯಾಕೆ ಇಟ್ಕೋಬೇಕು? ಮೂರನೇ ದರ್ಜೆ. ಮುಚ್ಚಿಬಿಡೋಣ, ಆಯ್ತು ಬಿಡಿ.”

ಎಲ್ಲರೂ ಒಟ್ಟಿಗೇ ತಿರುಗಿ ಮುತ್ತುರಾಜನ ಕಡೆ ನೋಡಿದೆವು. ಅವನು ತನ್ನ ಬಿಳಿ ಚಪ್ಪಲಿಗೆ ಮೆತ್ತಿದ ಕೆಸರು ನೋಡುತ್ತಿದ್ದ. ನಿಜ ಹೇಳಿದರೆ ಮೋಸ ಒಪ್ಪಿಕೊಂಡ ಹಾಗೆ, ಹೇಳದಿದ್ದರೆ ಇರುವ ಒಂದು ಪೈಪೂ ಹೋಗುತ್ತದೆ. ಗುಬ್ಬಿ ಪಾರ್ಟಿಯ ಮುಖಂಡಳಾದ ನಾನು ಚಿಕ್ಕಮಾರಮ್ಮನ ಬೆನ್ನಿನ ಹಿಂದೆ ನಿಂತೆ. ಆ ಬೆನ್ನು ಬಾಗಿದ್ದರಿಂದ ನಾನು ಪೂರ್ತಿ ಕಾಣುತ್ತಿದ್ದೆ.

“ಎಲ್ಲಿಂದ್ಲೂ ಬಂದಿಲ್ಲ ಸ್ವಾಮಿ!” ಅಂತ ಹಿಂದಿನಿಂದ ಕೂಗು ಬಂತು. ಸಿದ್ದಲಕ್ಷ್ಮಮ್ಮ ಜನರನ್ನು ತಳ್ಳಿಕೊಂಡು ಬಂದಳು. “ಇದೆಲ್ಲಾ ಆಯಮ್ಮಂದೇ ನೀರು. ನಿನ್ನೆ ಅಮಾಸೆ. ಅಮಾಸೆ ದಿನ ಬೆಳಗ್ಗಿಂದ ಸಂಜೆ ಗಂಟ ಎದೆಹಾಲು ಬತ್ತೋ ಹಂಗೆ ಹಿಂಡಿದೀವಿ. ಟ್ಯಾಂಕು ಸಿಕ್ತೈತೆ ಅಂತ ಆಸೆ. ಗುಂಡಿ ಒತ್ತಿದೋಳು ನಾನು. ಬೈಯೋದಾದ್ರೆ ನನ್ನ ಬೈರಿ, ಆಯಮ್ಮನ್ನ ಮುಚ್ಚಬ್ಯಾಡ್ರಿ.”

ಎಂಜಿನಿಯರ್ ನಂಬಲಿಲ್ಲ. ಇಷ್ಟು ವರ್ಷ ಸರ್ವೀಸಿನಲ್ಲಿ, ಬೋರು ಚೆನ್ನಾಗಿದೆ ಅಂತ ಸುಳ್ಳು ಹೇಳಿದವರನ್ನು ಕಂಡಿದ್ದರೇ ಹೊರತು ಕೆಡಿಸಿದ್ದೇವೆ ಅಂತ ನಿಜ ಹೇಳುವವರನ್ನು ಕಂಡಿರಲಿಲ್ಲ. ಟ್ಯಾಂಕರಿನವರ ಹತ್ತಿರ ತರಿಸಿಕೊಂಡಿರುತ್ತೀರಿ ಅಂದರು. ಸಿದ್ದಲಕ್ಷ್ಮಮ್ಮ ಅವರ ಛತ್ರಿಯ ತುದಿಯನ್ನೇ ಹಿಡಿದುಕೊಂಡಳು.

“ಬನ್ನಿ. ಆಯಮ್ಮನ ನೀರು ಗಡಸು. ಎಲ್ಲಿದ್ರೂ ನಾಲ್ಗೆಗೆ ಗೊತ್ತಾಯ್ತದೆ. ಒಂದೊಂದ್ ಮನೆಯಾಗೂ ಕುಡೀರಿ. ಬ್ಯಾರೆ ನೀರು ಅಂತ ಅನ್ನಿಸಿದ್ರೆ, ಕಲ್ಲು ಸಿಮೆಂಟು ನಾನೇ ಹೊತ್ಕಂಡ್ ಬತ್ತೀನಿ.”

ಮನುಷ್ಯ ಸಾಧು ಅಂದೆನಲ್ಲ, ಹೊರಟರು. ಮುಂದೆ ಛತ್ರಿ ಎಳೆಯುವ ಸಿದ್ದಲಕ್ಷ್ಮಮ್ಮ, ಹಿಂದೆ ಛತ್ರಿಯ ಇನ್ನೊಂದು ತುದಿ ಹಿಡಿದ ಎಂಜಿನಿಯರ್, ಅವರ ಹಿಂದೆ ಇಡೀ ದಿಣ್ಣೆ. ಮೊದಲ ಮನೆಯಲ್ಲಿ ಒಂದು ಲೋಟ ಕುಡಿದರು. ಎದುರು ಮನೆಯಲ್ಲಿ ಇನ್ನೊಂದು. ನಮ್ಮ ಮನೆಯಲ್ಲಿ ಹಿತ್ತಾಳೆ ಬಿಂದಿಗೆಯಿಂದ ಬಗ್ಗಿಸಿ ಕೊಟ್ಟೆ. ಅದಕ್ಕೂ ‘ಅದೇ ನೀರು’ ಅಂದರು. ಮುತ್ತುರಾಜನ ಮನೆಯಲ್ಲಿ ಮಗುವಿನ ಟಬ್ಬಿನ ನೀರನ್ನು ಮಾತ್ರ ನೋಡಿಯೇ ಒಪ್ಪಿಕೊಂಡರು. ಒಂದೊಂದು ಮನೆಗೂ ಹೊಟ್ಟೆ ಭಾರವಾಗುತ್ತಿತ್ತು, ಏರು ಹೆಚ್ಚುತ್ತಿತ್ತು. ನೆತ್ತಿಯ ಮೇಲಿನ ಮನೆ ತಲುಪುವ ಹೊತ್ತಿಗೆ ಛತ್ರಿಯನ್ನು ಊರಿಕೊಂಡು, ಬೆವರು ಒರೆಸಿಕೊಂಡು ಜಗುಲಿಯ ಮೇಲೆ ಕುಸಿದು ಕೂತರು.

“ದಿನಾ ಇಷ್ಟು ಹತ್ತೀರಾ?”

“ನಿಮ್ ಹಂಗೆ ಹೊಟ್ಟೇಲ್ ತುಂಬ್ಕಂಡಲ್ಲ ಸ್ವಾಮಿ. ಸೊಂಟದ ಮ್ಯಾಲೆ ಇಟ್ಕಂಡು.”

ಅವರು ಕೆಳಗೆ ಚಿಕ್ಕದಾಗಿ ಕಾಣುವ ಪಂಪ್‌ಹೌಸ್ ನೋಡಿದರು. ಇನ್ನೂ ಅರ್ಧ ದಿಣ್ಣೆಯಲ್ಲೇ ಇದ್ದ ಚಿಕ್ಕಮಾರಮ್ಮನನ್ನು ನೋಡಿದರು. ಆಮೇಲೆ, ಬೋರಿಗೆ ವಿಶ್ರಾಂತಿ ಕೊಡಿ, ವಾರ ಬಿಟ್ಟು ಇನ್ನೊಮ್ಮೆ ಬರುತ್ತೇನೆ ಅಂದರು. ವಿಶ್ರಾಂತಿ ಕೊಡುವುದು ಕಷ್ಟವಾಗಲಿಲ್ಲ. ಮನೆಮನೆಯಲ್ಲೂ ನೀರು ತುಂಬಿತ್ತಲ್ಲ, ಒರಳಿನ ಗುಳಿಯದೂ ಸೇರಿ ಅದನ್ನೇ ಖರ್ಚು ಮಾಡಿದೆವು.

ಮುಂದಿನ ಸಲ ಬಂದಾಗ ನೀರು ಡ್ರಮ್ಮನ್ನು ಉರುಳಿಸುವ ಹಾಗೆ ಬಂತು. ಬೆಳಿಗ್ಗೆಯಿಂದ ಓಡಿಸಿದರೂ ಧಾರೆ ಸಣ್ಣಗಾಗಲಿಲ್ಲ. ಸಿದ್ದಲಕ್ಷ್ಮಮ್ಮ ಹೊಸ ಸೀರೆ ಉಟ್ಟುಕೊಂಡು, ಮಗಳು ಪಾಸಾದ ತಾಯಿಯ ಹಾಗೆ ಬಾಯಿ ಕೆಂಪಗೆ ಮಾಡಿಕೊಂಡು ಕೂತಿದ್ದಳು.

“ಆಯ್ತು ಬಿಡಿ. ಎರಡನೇ ದರ್ಜೆ. ದಿಣ್ಣೆ ಮೇಲೆ ಟ್ಯಾಂಕು, ಮನೆಗಳಿಗೆ ನಲ್ಲಿ,” ಅಂದರು ಎಂಜಿನಿಯರ್.

ಅವಳ ಬಾಯಿಯ ಎಲೆಅಡಿಕೆ ನಿಂತಿತು. “ಸ್ವಾಮಿ, ಆಯಮ್ಮ ಚೆನ್ನಾಗವ್ಳಲ್ಲ? ಚೆನ್ನಾಗಿರೋದ್ನ ಹಂಗೇ ಬುಡಬೇಕಲ್ವಾ?”

“ಬೋರು ಚೆನ್ನಾಗಿದೆಯಮ್ಮಾ. ದಿಣ್ಣೆ ಚೆನ್ನಾಗಿಲ್ಲ.”

ಇಡೀ ದಿಣ್ಣೆ ಕುಣಿಯಿತು. ಮುತ್ತುರಾಜ್ ಹಾರ ತರಿಸಿ ಎಂಜಿನಿಯರಿಗೆ ಹಾಕಿ, ಇನ್ನೊಂದನ್ನು ತನಗೆ ಹಾಕಿಸಿಕೊಂಡ. ಸಿದ್ದಲಕ್ಷ್ಮಮ್ಮ ನನ್ನ ಪಕ್ಕ ಬಂದು ನಿಂತು, “ಮುಚ್ಚಬ್ಯಾಡಪ್ಪ ಅಂತ ಕಾಲ್ ಹಿಡಕಂಡ್ರೆ ಟ್ಯಾಂಕ್ ಕೊಟ್ಟವ್ನೆ ನೋಡು, ಮುಂಡೇದು,” ಅಂದಳು. ನಗುತ್ತಿದ್ದಳು. ಪೂರ್ತಿ ನಗು ಅಲ್ಲ ಅದು.

ಯೋಜನೆ ಅಂದ ಮೇಲೆ ನಿಧಾನವಾಗಿಯೇ ಬರಬೇಕು. ಕಂಬ ಎದ್ದು, ಟ್ಯಾಂಕು ಕೂತು, ಬೀದಿ ಅಗೆದು ಪೈಪು ಹಾಕಿ, ಅಗೆದದ್ದನ್ನು ಮುಚ್ಚುವುದು ಮರೆತು, ಕೊನೆಗೆ ನೀರು ಬಿಡುವ ಹೊತ್ತಿಗೆ ೨೦೦೧ ಆಗಿತ್ತು. ಚಿಕ್ಕಮಾರಮ್ಮ ಅಷ್ಟು ಕಾಯಲಿಲ್ಲ. ಸಾಯುವ ಗಂಟ ಹತ್ತಲಾರೆ ಅಂದಿದ್ದಳು, ಸಾಯುವ ಗಂಟ ಹತ್ತಿದಳು. ಕೊನೆಯ ವರ್ಷ ಅವಳ ಕೊಡವನ್ನು ಹೊತ್ತವಳು ಸಿದ್ದಲಕ್ಷ್ಮಮ್ಮ. ಎಲ್ಲರ ಸರದಿ ಮುಗಿದ ಮೇಲೆ, ತನ್ನದಕ್ಕಿಂತ ಮೊದಲು.

ನಲ್ಲಿಯಲ್ಲಿ ನೀರು ಬಂದ ಮೊದಲ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿ ಸುಮ್ಮನೆ ನೋಡುತ್ತ ನಿಂತೆ. ಅತ್ತೆ ನಲ್ಲಿಗೆ ಕುಂಕುಮ ಇಟ್ಟರು. ಬೀದಿಯಲ್ಲಿ ಒಂದು ಕೊಡದ ಸದ್ದಿಲ್ಲ, ಒಂದು ಜಗಳವಿಲ್ಲ. ಕಿಟಕಿಯಿಂದ ಕೆಳಗೆ ನೋಡಿದರೆ ಪಂಪ್‌ಹೌಸ್ ಹೊಸಿಲ ಮೇಲೆ ಸಿದ್ದಲಕ್ಷ್ಮಮ್ಮ ಒಬ್ಬಳೇ ಕೂತಿದ್ದಳು. ಗುಂಡಿ ಒತ್ತಿದ್ದಳು, ನೀರು ಅವಳ ಎದುರಿಗೆ ಬೀಳದೆ ಪೈಪಿನೊಳಗೇ ಮೇಲಕ್ಕೆ ಹೋಗುತ್ತಿತ್ತು. ಅವಳು ಬೈಯಲು ಅಲ್ಲಿ ಒಬ್ಬರೂ ಇರಲಿಲ್ಲ. ಎಷ್ಟೋ ವರ್ಷ ಈ ದಿನಕ್ಕಾಗಿ ಹರಕೆ ಹೊತ್ತವಳು ನಾನು. ಆದರೂ ಕಿಟಕಿ ಬಿಟ್ಟು ಬರಲು ಮನಸ್ಸಾಗಲಿಲ್ಲ. ಸ್ವಲ್ಪ ಹೊತ್ತಿಗೆ ಅವಳು ಎದ್ದು, ಬರಿಗೈಯಲ್ಲಿ, ಮಂಡಿ ಹಿಡಿದುಕೊಂಡು ದಿಣ್ಣೆ ಹತ್ತಿ ನಮ್ಮ ಮನೆ ದಾಟಿ ಹೋದಳು. ನಮ್ಮ ಕಡೆ ತಿರುಗಿ ನೋಡಲಿಲ್ಲ.

ನಾನು ಪಾತ್ರೆ ತೊಳೆಯುತ್ತಿದ್ದೆ. ನಲ್ಲಿ ಪೂರ್ತಿ ಬಿಟ್ಟಿದ್ದೆ. ಬೇಕಾಗಿರಲಿಲ್ಲ, ಬಿಟ್ಟಿದ್ದೆ ಅಷ್ಟೇ. ಆಗ ಮೇಲಿನಿಂದ ದಿಣ್ಣೆ ನಡುಗುವ ಹಾಗೆ ಕೂಗು ಬಂತು.

“ಯಾವಳ್ರೇ ಅವ್ಳು ನಲ್ಲಿ ಬುಟ್ಕಂಡಿರೋಳು? ನನ್ ಮನೇಗ್ ನೀರೇ ಬಂದಿಲ್ಲ!”

ಟ್ಯಾಂಕು ಅವಳ ಮನೆ ಪಕ್ಕದಲ್ಲೇ ಇದೆ. ಆದರೆ ಅವಳ ಮನೆ ಎಲ್ಲಕ್ಕಿಂತ ಎತ್ತರದಲ್ಲಿ. ಕೆಳಗಿನ ನಾವೆಲ್ಲ ನಲ್ಲಿ ಬಿಟ್ಟುಕೊಂಡರೆ ನೀರೆಲ್ಲ ನಮ್ಮ ಕಡೆಗೇ ಇಳಿದುಬಿಡುತ್ತದೆ, ಅವಳಿಗೆ ಹನಿಯೂ ಇಲ್ಲ. ಈ ವ್ಯವಸ್ಥೆಯಲ್ಲೂ ಅವಳೇ ಕೊನೆ.

“ಕೆಳಗಿನ್ ಮನೇರು, ನಿಲ್ಸಿ! ಮುತ್ತುರಾಜನ್ ಹೆಂಡ್ತೀ, ನಿನ್ ಬಟ್ಟೆ ಆಮ್ಯಾಕ್ ಒಗಿ, ನಿಲ್ಸು! ಟೀಚರಮ್ಮಾ! ನಂಗೊತ್ತು ಕಣೇ, ನಿನ್ ಪಾತ್ರೆ ಯಾವಾಗ್ಲೋ ತುಂಬೈತೆ. ನಿಲ್ಸು!”

ಅವಳಿಗೆ ನಮ್ಮ ಅಡುಗೆಮನೆ ಕಾಣುವುದಿಲ್ಲ. ಆದರೂ ನಾನು ಸಿಕ್ಕಿಬಿದ್ದ ಹುಡುಗಿಯ ಹಾಗೆ ಗಡಬಡಿಸಿ ನಲ್ಲಿ ನಿಲ್ಲಿಸಿದೆ. ಅಕ್ಕಪಕ್ಕದ ಮನೆಗಳಲ್ಲೂ ಒಂದಾದ ಮೇಲೊಂದು ನೀರಿನ ಸದ್ದು ನಿಂತಿತು. ಇಡೀ ದಿಣ್ಣೆ ಕಿವಿಗೊಟ್ಟು ಕಾಯಿತು. ಮೇಲೆ, ಕೊನೆಯ ಮನೆಯಲ್ಲಿ, ಖಾಲಿ ಕೊಡಕ್ಕೆ ನೀರು ಬೀಳುವ ಸದ್ದು ಶುರುವಾಯಿತು.

“ಯಾಕಮ್ಮ ಅಳ್ತಿದೀಯ?” ಅಂದರು ಅತ್ತೆ.

“ಅಳ್ತಿಲ್ಲ ಅತ್ತೆ. ಸರದಿ ಕಾಯ್ತಿದೀನಿ,” ಅಂದೆ.

ಅವಳ ಕೊಡ ತುಂಬುವವರೆಗೂ ನಮ್ಮ ದಿಣ್ಣೆಯಲ್ಲಿ ಯಾರೂ ನಲ್ಲಿ ಮುಟ್ಟಲಿಲ್ಲ.